ರಿಮ್ಮಾ ಇಡದ ಮೇಜು

ಮದುವೆಯ ಬ್ಲೌಸುಗಳು ಬಿಗಿಯಾಗಿದ್ದಕ್ಕೆ ಅಮೆರಿಕದ ಚೀಸೇ ಕಾರಣವೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ನಾವಿದ್ದ ಪೊವೇ ಊರಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ರಿಮ್ಮಾ ಯುಗಾಯ್ ಮಾತ್ರ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. 2010ರಲ್ಲಿ ಮೊದಲ ಸಲ ಬ್ಲೌಸ್ ಒಯ್ದಾಗ ಅದನ್ನು ಒಳಹೊರಗು ತಿರುವಿ, ಬಿಟ್ಟಿದ್ದ ಮಾರ್ಜಿನ್ ನೋಡಿ, "ಇದನ್ನ ಹೊಲಿದವನು ಬುದ್ಧಿವಂತ. ನೀನು ದಪ್ಪಗಾಗ್ತೀಯ ಅಂತ ಅವನಿಗೆ ಆಗಲೇ ಗೊತ್ತಿತ್ತು" ಎಂದರು. ನನಗೆ ಮೈಯೆಲ್ಲ ಉರಿಯಿತು. ಮರುವಾರ ಇನ್ನೂ ನಾಲ್ಕು ಬ್ಲೌಸ್ ಒಯ್ದೆ.

ಅವರದು ಮುರುಕು ಇಂಗ್ಲಿಷ್. ನಾನಿಲ್ಲಿ ಅದನ್ನು ನಮ್ಮ ಕನ್ನಡಕ್ಕೆ ತಂದುಕೊಂಡಿದ್ದೇನೆ, ಇಲ್ಲದಿದ್ದರೆ ಓದುವವರು ಅವರನ್ನು ದಡ್ಡರೆಂದುಕೊಂಡಾರು. ದಡ್ಡರಂತೂ ಅಲ್ಲವೇ ಅಲ್ಲ.

ಮುಖ ನೋಡಿ ಕೊರಿಯಾದವರೆಂದುಕೊಂಡಿದ್ದೆ. ಆದರೆ ಸೋಲ್ ನಗರದಿಂದ ಬಂದಿದ್ದ ಅಂಗಡಿಯ ಯಜಮಾನ, ರಿಮ್ಮಾ ಕೊರಿಯನ್ ಮಾತಾಡಿದರೆ ತನ್ನ ಮುತ್ತಜ್ಜಿ ಎದ್ದು ಬಂದಂತಾಗುತ್ತದೆ ಎಂದು ನಗುತ್ತಿದ್ದ. ಸೂಜಿ ಮುರಿದಾಗ ಅವರು ಬೈಯುತ್ತಿದ್ದುದು ರಷ್ಯನ್‌ನಲ್ಲಿ. "ನಾವು ಕೊರ್ಯೊ ಸಾರಾಂ" ಎಂದು ಒಂದು ದಿನ ಬಿಡಿಸಿ ಹೇಳಿದರು. ಅವರ ಅಜ್ಜನ ಕಾಲದವರು ಹೊಟ್ಟೆಪಾಡಿಗೆ ಕೊರಿಯಾದ ಗಡಿ ದಾಟಿ ರಷ್ಯಾದ ಪೂರ್ವದ ತುದಿಗೆ ಹೋಗಿ ನೆಲೆಸಿದ್ದರಂತೆ. 1937ರಲ್ಲಿ ಸೋವಿಯತ್ ಸರ್ಕಾರ ಅಷ್ಟೂ ಜನರನ್ನು ರೈಲಿಗೆ ತುಂಬಿ, ಸಾವಿರಾರು ಮೈಲಿ ಸಾಗಿಸಿ, ಮಧ್ಯ ಏಷ್ಯಾದ ಬಯಲಲ್ಲಿ ಇಳಿಸಿಬಿಟ್ಟಿತು. ರಿಮ್ಮಾ ಹುಟ್ಟಿದ್ದು 1953ರಲ್ಲಿ, ತಾಷ್ಕೆಂಟಿನ ಹತ್ತಿರದ ಒಂದು ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಇನ್ನಾಳ ಜೊತೆ ಅಮೆರಿಕಕ್ಕೆ ಬಂದರು. ಇನ್ನಾ ಲಾಸ್ ಏಂಜಲೀಸಿನ ಉತ್ತರಕ್ಕೆ ಒಂದು ಶಾಲೆಯಲ್ಲಿ ಗಣಿತದ ಟೀಚರ್.

2013ರ ಮಾರ್ಚಿನಲ್ಲಿ ತಾಯಿ ಮಗಳಿಗೆ ಜಟಾಪಟಿ ಶುರುವಾಯಿತು. ಜೂನ್‌ನಲ್ಲಿ ರಿಮ್ಮಾಗೆ ಅರವತ್ತು ತುಂಬುತ್ತಿತ್ತು. ಮಗಳು ಮೇಜು ಇಡುತ್ತೇನೆ ಎನ್ನುವಳು, ತಾಯಿ ಸುತಾರಾಂ ಬೇಡ ಎನ್ನುವರು. ಮೇಜು ಎಂದರೆ ಬರೀ ಊಟದ ಮೇಜಲ್ಲ. ಅವರ ಜನರಲ್ಲಿ ಒಬ್ಬ ಮನುಷ್ಯನಿಗೆ ಬದುಕಿನಲ್ಲಿ ಮೂರು ಮೇಜು. ಒಂದು ವರ್ಷ ತುಂಬಿದಾಗ ತಂದೆತಾಯಿ ಇಡುವುದು, ಮದುವೆಯದು, ಅರವತ್ತಕ್ಕೆ ಮಕ್ಕಳು ಇಡುವುದು. ಮಕ್ಕಳು ಆ ಮೂರನೆಯದನ್ನು ಇಡದಿದ್ದರೆ ಜನ ಮುಖಕ್ಕೇ ಆಡಿಕೊಳ್ಳುತ್ತಾರೆ. ಅಪ್ಪನಿಗೆ ಇಡುವ ಭಾಗ್ಯ ಇನ್ನಾಗೆ ಸಿಕ್ಕಿರಲಿಲ್ಲ. ಆತ ಐವತ್ತೆರಡಕ್ಕೇ ಹೋಗಿದ್ದ.

"ಖರ್ಚಾಗುತ್ತೆ ಅಂತಾನಾ?" ಎಂದು ನಾನು ಕೇಳಿದೆ. ರಿಮ್ಮಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಉತ್ತರ ತಪ್ಪಿಸಿದರು.

ಆ ಬೇಸಿಗೆಗೆ ಧಾರವಾಡದಿಂದ ನನ್ನ ಅತ್ತೆ ಪ್ರೇಮವ್ವ ಬಂದಿದ್ದರು. ಮನೆಯಲ್ಲಿ ಕೂತು ಬೇಜಾರಾಗುತ್ತಿದ್ದ ಅವರನ್ನು ಮೇ ತಿಂಗಳ ಒಂದು ಬೆಳಿಗ್ಗೆ ಅಂಗಡಿಗೆ ಕರೆದೊಯ್ದೆ. ಒಬ್ಬರಿಗೆ ಕನ್ನಡ ಬಿಟ್ಟರೆ ಇಲ್ಲ, ಇನ್ನೊಬ್ಬರಿಗೆ ಕನ್ನಡ ಇದೆಯೆಂದೇ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಹುಕ್ಸ್ ಹಚ್ಚುತ್ತಿದ್ದರು. ನಡುವೆ ದುಭಾಷಿ ನಾನು, ಸಂಬಳವಿಲ್ಲದ ಕೆಲಸ. ಮೇಜಿನ ಜಗಳ ಕೇಳಿ ಅತ್ತೆಗೆ ಸಮಾಧಾನವಾಗಲಿಲ್ಲ.

"ಅರವತ್ತು ತುಂಬೂದಂದ್ರ ಸಣ್ಣ ಮಾತೇನವಾ? ನಮ್ಮ ಶೇಖಪ್ಪ ಮಾವಗ ಎಷ್ಟು ಚೊಲೋ ಮಾಡಿದ್ವಿ! ಮಗಳು ಮಾಡ್ತೀನಂದ್ರ ಬ್ಯಾಡ ಅನಬಾರದು, ಹೇಳು ಆಕೀಗೆ."

ಹೇಳಿದೆ. ರಿಮ್ಮಾ ತಲೆ ಅಲ್ಲಾಡಿಸಿದರು. ಮೊದಲ ಮೇಜು ಇಲ್ಲದವರಿಗೆ ಮುಂದಿನ ಎರಡೂ ಇಲ್ಲ, ಅದು ತಮ್ಮಲ್ಲಿ ಕಟ್ಟುನಿಟ್ಟು ಎಂದರು.

"ಅಯ್ಯ ಪಾಪ, ಈಕೀಗೆ ಸಣ್ಣಾಕಿ ಇದ್ದಾಗ ಮಾಡಿಲ್ಲೇನು?"

"ನನಗೆ ಮಾಡಿದ್ದರು" ಎಂದರು ರಿಮ್ಮಾ.

ಅತ್ತೆ ಸೂಜಿ ಕೆಳಗಿಟ್ಟರು. ಅವರಿಗೆ ಏನೋ ವಾಸನೆ ಬಡಿದಿತ್ತು. "ಹಂಗಾರ ಕೇಳು, ಮಗಳಿಗೆ ಮಾಡಿದ್ಲೇನು?"

ಇಂಥ ಪ್ರಶ್ನೆ ಕೇಳಬಾರದೆಂದು ನನಗೆ ಗೊತ್ತಿತ್ತು. ಅತ್ತೆ ಎದುರಿಗೆ ಕೂತಿದ್ದರು, ಕೇಳಿಬಿಟ್ಟೆ. ರಿಮ್ಮಾ ಮಿಷನ್ನಿನ ಸ್ವಿಚ್ ಆರಿಸಿದರು. ಮೂರು ವರ್ಷದಲ್ಲಿ ಹಗಲು ಹೊತ್ತು ಅದು ಆರಿದ್ದನ್ನು ನಾನು ನೋಡಿರಲಿಲ್ಲ.

ಇನ್ನಾಗೆ ಒಂದು ವರ್ಷ ತುಂಬಿದ್ದು 1980ರ ಜುಲೈನಲ್ಲಿ. ಆಗ ರಿಮ್ಮಾ ಉಕ್ರೇನಿನ ಈರುಳ್ಳಿ ಹೊಲದಲ್ಲಿದ್ದರು. ಅವರ ಜನ ಬೇಸಾಯದ ಕಾಲ ಬಂತೆಂದರೆ ಗುಂಪು ಕಟ್ಟಿಕೊಂಡು ದೂರದ ಸೀಮೆಗಳಿಗೆ ಹೋಗಿ, ಹೊಲ ಗುತ್ತಿಗೆ ಹಿಡಿದು, ಈರುಳ್ಳಿ ಕಲ್ಲಂಗಡಿ ಬೆಳೆದು ಚಳಿಗೆ ಮುಂಚೆ ಮರಳುತ್ತಿದ್ದರು. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ತಾಯಿಯಿಲ್ಲದೆ ಮೇಜು ಇಡಲು ಅಜ್ಜಿಗೆ ಮನಸ್ಸು ಬರಲಿಲ್ಲ.

"ಅಕ್ಟೋಬರಿನಲ್ಲಿ ಬಂದೆ. ತಡವಾಗಿ ಇಟ್ಟಿದ್ದರೂ ಯಾರೂ ಏನೂ ಅಂತಿರಲಿಲ್ಲ. ಆದರೆ ನಾನು ಕೈ ಚಾಚಿದರೆ ಮಗು ಕಿರುಚಿ ಅಜ್ಜಿಯ ಹಿಂದೆ ಅಡಗಿತು. ನಾನು ಯಾರೋ ಅಂತ. ಆ ಮಗುವನ್ನ ಊರವರ ಮುಂದೆ ಹೇಗೆ ಎತ್ತಿಕೊಂಡು ಹೋಗಲಿ? ನಾಳೆ, ನಾಳೆ ಅಂದೆ. ಆಗಲೇ ಇಲ್ಲ."

ಆ ಮೇಜಿನ ಮೇಲೆ ಅನ್ನ, ನೂಲು, ಕತ್ತರಿ, ಪುಸ್ತಕ ಎಲ್ಲ ಇಟ್ಟು ಮಗುವನ್ನು ಬಿಡುತ್ತಾರೆ. ಅದು ಹಿಡಿದ ಮೊದಲ ವಸ್ತುಗಳೇ ಅದರ ಹಣೆಬರಹ. ಆರು ವರ್ಷದ ಇನ್ನಾ ಒಂದು ದಿನ, ನಾನೇನು ಹಿಡಿದಿದ್ದೆ ಎಂದು ಕೇಳಿದಳಂತೆ. ರಿಮ್ಮಾ ಹಿಂದುಮುಂದು ನೋಡದೆ, "ಪುಸ್ತಕ, ಎರಡೂ ಕೈಯಲ್ಲಿ" ಎಂದುಬಿಟ್ಟರು. ಮಗಳು ಅದನ್ನು ನಂಬಿ ಓದಿದಳು, ಟೀಚರ್ ಆದಳು. ಈಗಲೂ ಪ್ರತಿ ವರ್ಷ ತನ್ನ ಹೊಸ ಕ್ಲಾಸಿಗೆ ಅದನ್ನೇ ಹೇಳಿ ಪಾಠ ಶುರು ಮಾಡುತ್ತಾಳೆ. ಅವಳ ಮದುವೆಯ ಮೇಜನ್ನು ರಿಮ್ಮಾ ಕಟ್ಟಳೆ ಮುರಿದು ಕಣ್ಣುಮುಚ್ಚಿ ಇಟ್ಟರು. ಮದುವೆ ಮೂರೇ ವರ್ಷಕ್ಕೆ ಮುರಿಯಿತು. ಅದು ತನ್ನಿಂದಲೇ ಆದದ್ದೆಂದು ಈ ಹೆಂಗಸು ಒಬ್ಬರಿಗೂ ಹೇಳದೆ ಕೊರಗುತ್ತಿದ್ದರು.

"ಅವಳದನ್ನ ನಾನು ಇಡಲಿಲ್ಲ. ನನ್ನದನ್ನ ಅವಳ ಕೈಲಿ ಇಡಿಸಿಕೊಂಡು ಹೇಗೆ ಕೂರಲಿ?"

"ಸುಳ್ಳು ಹೇಳಿ ಇಷ್ಟು ವರ್ಷ ನಿದ್ದಿ ಹ್ಯಾಂಗ ಮಾಡ್ಯಾಳ! ಹೇಳಿಬಿಡು ಅನ್ನು ಮಗಳಿಗೆ" ಎಂದರು ಅತ್ತೆ. ನಾನು ಅದನ್ನು ಅರ್ಧಕ್ಕರ್ಧ ಮೆತ್ತಗೆ ಮಾಡಿ ದಾಟಿಸಿದೆ.

"ಹೇಳಿದರೆ ಅವಳ ಹತ್ತಿರ ಏನು ಉಳಿಯುತ್ತೆ?" ಎಂದರು ರಿಮ್ಮಾ. "ಗಂಡ ಹೋದ. ಆ ಪುಸ್ತಕ ಒಂದಿದೆ."

ನನಗೆ ಅಳು ಬಂತು. ಅತ್ತೆಗೂ ಬಂತು, ಆದರೆ ಅವರು ಅಳುತ್ತಲೇ "ಹೇಳು ಅನ್ನು" ಎಂದು ನನ್ನ ತೋಳು ತಿವಿಯುತ್ತಿದ್ದರು.

ಆ ಭಾನುವಾರ ಮಗಳು ಮತ್ತೆ ಮೇಜಿನ ಹಠ ಹಿಡಿದಾಗ ರಿಮ್ಮಾ ತಡೆಯಲಾರದೆ ಫೋನಿನಲ್ಲಿ ಹೇಳಿಬಿಟ್ಟರು. ಇನ್ನಾ ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟಳಂತೆ. ಅವಳ ಫೋನಿಲ್ಲದೆ ವಾರ ಕಳೆಯಿತು, ಎರಡಾಯಿತು, ಮೂರಾಯಿತು. ಅಂಗಡಿಯಲ್ಲಿ ರಿಮ್ಮಾ ಹೊಲಿದದ್ದನ್ನೇ ಬಿಚ್ಚಿ ಹೊಲಿಯುತ್ತಿದ್ದರು. ಕಾರ್ಮೆಲ್ ವ್ಯಾಲಿಯ ನನ್ನ ಗೆಳತಿ ಶಾಮಲಾಳ ಬ್ಲೌಸಿಗೆ ಎರಡೂ ತೋಳು ಎಡಗಡೆಯವೇ ಬಂದವು. ನಾನು ಮನೆಗೆ ಬಂದು, ಸೊಸೆಯೆಂಬುದನ್ನು ಮರೆತು ಅತ್ತೆಯ ಮೇಲೆ ಹರಿಹಾಯ್ದೆ.

"ಊರ ಉಸಾಬರಿ ನಿಮಗ್ಯಾಕೆ ಬೇಕಿತ್ತು ಅತ್ತೆ? ಅವರಿಬ್ಬರ ಮಧ್ಯ ಬೆಂಕಿ ಹಚ್ಚಿದ್ರಿ!"

ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಅದರಿಂದಲೇ ನನಗೆ ಹೆಚ್ಚು ನೋವಾಯಿತು, ಯಾಕೆಂದರೆ ಕೇಳಿದ ಬಾಯಿ ನನ್ನದೂ ಹೌದು.

ಜೂನ್ ಹನ್ನೆರಡಕ್ಕೆ ನನ್ನ ಫೋನಿಗೆ ಇನ್ನಾಳ ಮೆಸೇಜ್ ಬಂತು, ಅಂಗಡಿಯ ಯಜಮಾನನಿಂದ ನನ್ನ ನಂಬರ್ ಪಡೆದಿದ್ದಳಂತೆ. ಶನಿವಾರ ತಾನಿರುವ ಪೋರ್ಟರ್ ರ್ಯಾಂಚ್‌ನ ಕ್ಲಬ್‌ಹೌಸಿಗೆ ಅಮ್ಮನನ್ನು ಕರೆತನ್ನಿ, ಹನ್ನೊಂದರೊಳಗೆ, ತಡ ಮಾಡಬೇಡಿ ಎಂದಿತ್ತು. ರಿಮ್ಮಾ ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಅತ್ತೆ ಹಿಂದಿನ ಸೀಟಿನಿಂದ ಅವರ ಭುಜದ ಮೇಲೆ ಕೈಯಿಟ್ಟುಕೊಂಡೇ ಬಂದರು. 405 ಹೆದ್ದಾರಿಯ ಟ್ರಾಫಿಕ್‌ಗೆ ನಾನು ಹಾಕದ ಶಾಪವಿಲ್ಲ.

ಹಾಲಿನಲ್ಲಿ ನಲವತ್ತು ಜನರಿದ್ದರು. ಗೋಡೆಯ ಪಕ್ಕದ ಉದ್ದ ಮೇಜಿನ ಮೇಲೆ ಕೋಳಿ, ಹಣ್ಣು, ಸಿಹಿತಿಂಡಿಗಳ ಗೋಪುರ. ಅದರ ಮುಂದೆ ಒಂದು ಗಿಡ್ಡ ಮೇಜು, ಖಾಲಿ, ಪಕ್ಕದಲ್ಲೊಂದು ಬುಟ್ಟಿ. ಇನ್ನಾ ಬಾಗಿಲಿಗೆ ಬಂದು ತಾಯಿಯನ್ನು ತಬ್ಬಿಕೊಳ್ಳಲಿಲ್ಲ. ಹೋಗಿ ಆ ಗಿಡ್ಡ ಮೇಜಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೂವತ್ತಮೂರು ವರ್ಷದ, ಕನ್ನಡಕದ ಗಣಿತದ ಟೀಚರ್.

"ಮೊದಲ ಮೇಜು ಮಧ್ಯಾಹ್ನದೊಳಗೆ ಆಗಬೇಕಲ್ವಾ ಅಮ್ಮ? ಇನ್ನೂ ಟೈಮಿದೆ. ಇಡು" ಎಂದಳು, ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ.

ರಿಮ್ಮಾ ನಿಂತಲ್ಲೇ ನಿಂತಿದ್ದರು. ಕೊನೆಗೆ ಅತ್ತೆಯೇ ಬೆನ್ನಿಗೆ ಕೈಕೊಟ್ಟು ಮುಂದೆ ನೂಕಿದರು. ರಿಮ್ಮಾ ಮಂಡಿಯೂರಿ ಬುಟ್ಟಿಯಿಂದ ಒಂದೊಂದೇ ತೆಗೆದು ಇಟ್ಟರು. ಅನ್ನದ ಬಟ್ಟಲು, ನೂಲು, ಕತ್ತರಿ. ಕಡೆಗೆ ಪುಸ್ತಕ. ಅದನ್ನು ಮಗಳಿಗೆ ತೀರ ಹತ್ತಿರಕ್ಕೆ ಸರಿಸಿದರು.

ಇನ್ನಾ ನೂಲು ತೆಗೆದುಕೊಂಡಳು. ಅನ್ನ ತೆಗೆದುಕೊಂಡಳು. ಆಮೇಲೆ ಪುಸ್ತಕದ ಮೇಲಿಂದ ಕೈ ದಾಟಿಸಿ ತಾಯಿಯ ಕಸುಬಿನ ಕತ್ತರಿ ಹಿಡಿದಳು. ರಿಮ್ಮಾ ಬಿಳಿಚಿಕೊಂಡು ಪುಸ್ತಕವನ್ನು ಇನ್ನಷ್ಟು ಮುಂದಕ್ಕೆ ನೂಕಿದರು.

"ಅದು ಬೇಡಮ್ಮ" ಎಂದಳು ಇನ್ನಾ. "ಅದನ್ನ ಯಾರೂ ಇಡದೇ ಇದ್ದಾಗಲೇ ನಾನು ತಗೊಂಡೆ."

ರಿಮ್ಮಾ ಗಿಡ್ಡ ಮೇಜಿಗೆ ಹಣೆ ಹಚ್ಚಿ ಜೋರಾಗಿ ಅತ್ತರು. ಇನ್ನಾ ಕತ್ತರಿ ಬಿಡದೆ, ಇನ್ನೊಂದು ಕೈಯಿಂದ ತಾಯಿಯನ್ನು ಎಬ್ಬಿಸಿ, ಅರವತ್ತರ ಆ ಉದ್ದ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂರಿಸಿದಳು. ರಿಮ್ಮಾ ಕೂತರು.