ಅಕ್ಕನ ಒಲೆಯ ಮುಂದಿನ ಗೋಡೆ

ಹೋದ ವಾರ ನಮ್ಮ ಕುಂದಗೋಳದ ಗಿರಣಿಗೆ ಖಾರ ಕುಟ್ಟಿಸಲು ಹೋಗಿದ್ದೆ. ಮೆಣಸಿನಕಾಯಿಯ ಘಾಟು ಸಣ್ಣಗೆ ಮೂಗಿಗೆ ಬಂತು, ಆದರೆ ಸಾಲಿನಲ್ಲಿ ನಿಂತವರು ಒಬ್ಬರೂ ಸೀನಲಿಲ್ಲ. ಆ ಸೀನು ತಪ್ಪಿಸಿದವಳು ನನ್ನ ಅಕ್ಕ. ಮೊದಲು ಅಲ್ಲಿ ಖಾರದ ಯಂತ್ರ ಬಾಗಿಲಲ್ಲೇ ಇತ್ತು. ಜೋಳ ಬೀಸಿಸಲು ಬಂದವರೂ ಅಳುತ್ತ ಮನೆಗೆ ಹೋಗುತ್ತಿದ್ದರು. ಅಕ್ಕ ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆದು, ಗಾಳಿ ಹೊರಗೆ ಹೋಗುವ ಹಿತ್ತಲ ಕಡೆಗೆ ಆ ಯಂತ್ರವನ್ನು ಸರಿಸಿದ್ದಳು...

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನಾದರೂ ಐದನೇ ಇಯತ್ತೆಯವರೆಗೆ ಹೋಗಿದ್ದೆ. ಯಾವ ಅಂಗಡಿಗೆ ಹೋದರೂ ಅವಳು ಸಾಮಾನು ಕೇಳುವ ಮೊದಲು ಅಂಗಡಿಯವನು ಹಾಕುವ ಹೆಜ್ಜೆ ಎಣಿಸುತ್ತಿದ್ದಳು. ಕಿರಾಣಿಯವನಿಗೆ ಸಕ್ಕರೆ, ಚಹಾಪುಡಿ ಕೂತಲ್ಲೇ ಕೈಗೆ ಸಿಗುವಂತೆ ಇಡಿಸಿದಳು. ದರ್ಜಿಯ ಇಸ್ತ್ರಿ ಮೇಜನ್ನು ಹೊಲಿಗೆ ಯಂತ್ರದ ಬಾಜು ತಂದಳು. ಓಡಾಟ ತಪ್ಪಿದ ದರ್ಜಿಗೆ ಆರು ತಿಂಗಳಲ್ಲಿ ಹೊಟ್ಟೆ ಬಂದು, ತನ್ನ ಅಂಗಿಗಳನ್ನು ತಾನೇ ಬಿಚ್ಚಿ ಸಡಿಲ ಮಾಡಿಕೊಂಡ. ಅದಕ್ಕೂ ಅಕ್ಕನನ್ನೇ ಬೈದ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದ್ದು ಅಕ್ಕನ ಖಾನಾವಳಿ. ಒಲೆ ಬಾಗಿಲ ಹತ್ತಿರವೇ ಇತ್ತು. ರೊಟ್ಟಿ ಬಡಿಯುತ್ತಲೇ ಅವಳು ಎಲ್ಲರ ತಾಟು ನೋಡುತ್ತಿದ್ದಳು; ಒಂದು ಚೂರು ಉಳಿದಿರುವಾಗಲೇ ಬಿಸಿ ರೊಟ್ಟಿ ಬಂದು ಬೀಳುತ್ತಿತ್ತು. ಯಾರೂ ಬಾಯಿ ಬಿಟ್ಟು ಕೇಳಬೇಕಿರಲಿಲ್ಲ.

ನನ್ನ ಮದುವೆಯ ಮಾತು ಎದ್ದು, ಹೆಣ್ಣಿನ ಕಡೆಯವರು ಮನೆತನ ನೋಡಲು ಬರುತ್ತೇವೆಂದರು. ಅಕ್ಕ ನಾಲ್ಕು ದಿನ ಕಲಘಟಗಿಯ ಬಂಧುಗಳ ಮನೆಗೆ ಹೋದಾಗ ನಾನು ಗೌಂಡಿಯನ್ನು ಕರೆಸಿ, ಒಲೆಯನ್ನು ಹಿಂದಕ್ಕೆ ಹಾಕಿಸಿ, ಅದರ ಮುಂದೆ ಗೋಡೆ ಎಬ್ಬಿಸಿದೆ. ರೊಟ್ಟಿ ಕೊಡಲು ಒಂದು ಕಿಂಡಿ. ಮರಳಿ ಬಂದ ಅಕ್ಕನಿಗೆ, ಗಿರಾಕಿಗೆ ಹೊಗೆ ತಾಗಬಾರದು, ಹುಬ್ಬಳ್ಳಿಯ ಹೋಟೆಲುಗಳಲ್ಲಿ ಹೀಗೇ ಎಂದೆ. ನಿಜ ಬೇರೆ ಇತ್ತು. ಮುಖಕ್ಕೆ ಮಸಿ, ಸೀರೆಗೆ ಹಿಟ್ಟು ಮೆತ್ತಿಕೊಂಡ ಅಕ್ಕ ಬೀಗರ ಕಣ್ಣಿಗೆ ಮೊದಲು ಬೀಳುತ್ತಾಳೆಂದು ನನಗೆ ನಾಚಿಕೆಯಾಗಿತ್ತು.

ಗೌಂಡಿ ಕಿಂಡಿಯನ್ನು ತನ್ನ ಎದೆಮಟ್ಟಕ್ಕೆ ಇಟ್ಟಿದ್ದ. ಅಕ್ಕ ಮೊಣಕಾಲೂರಿ ರೊಟ್ಟಿ ಎತ್ತಿದರೆ ಹೊರಗೆ ಕೈಯೊಂದೇ ಕಾಣುತ್ತಿತ್ತು. ನಾನು ಕೂಗಿದ ಲೆಕ್ಕ ಅವಳಿಗೆ ತಲುಪದೆ, ಸಾಕೆಂದವನಿಗೆ ಎರಡು, ಬೇಕೆಂದವನಿಗೆ ಬರೀ ಪಲ್ಯ. ದಿನದ ಗಿರಾಕಿಯಾದ ಎತ್ತಿನ ವ್ಯಾಪಾರಿ ಕಾಕಾ ತಾಟು ಎತ್ತಿಕೊಂಡು, ಗೋಡೆ ಸುತ್ತಿ ಹೋಗಿ ಒಲೆಯ ಮುಂದೆ ಕೂತ.

"ನಿನ್ನ ಮಾರಿ ಕಾಣದಿದ್ರ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ ಬೇ ಯವ್ವಾ," ಎಂದ.

ಮೂರನೇ ದಿನಕ್ಕೆ ಎಲ್ಲರೂ ಒಳಗೆ. ಹೊರಗೆ ನಾನು ಮತ್ತು ಗಲ್ಲಾ. ಬೀಗರು ಬಂದದ್ದೂ ಅವತ್ತೇ. ಸದ್ದು ಕೇಳಿದ ಕಡೆಗೆ ಸೀದಾ ನಡೆದು, ಒಲೆಯ ಸುತ್ತ ಕೂತು ತಲಾ ನಾಲ್ಕು ರೊಟ್ಟಿ ತಿಂದರು. ಆಮೇಲೆ ಹುಡುಗಿಯ ಅಪ್ಪ ಅಕ್ಕನನ್ನು ಕೇಳಿದ್ದು ಕಿಂಡಿಯಿಂದ ನನಗೂ ಕೇಳಿಸಿತು.

"ಹುಡುಗ ಎಲ್ಲಿ ಅದಾನ್ರಿ? ಹೊರಗ ಒಬ್ಬಾವ ಕುಂತಾನ, ಪಾಪ, ಹಸದಂಗ ಕಾಣ್ತಾನ. ಅವಂಗೂ ಒಂದು ರೊಟ್ಟಿ ಕೊಡ್ರಿ."

ಮದುವೆ ಗೊತ್ತಾಯಿತು. ಆ ಸಂಜೆ ಅಕ್ಕ ಪಾತ್ರೆ ತಿಕ್ಕುತ್ತ, ತಲೆ ಎತ್ತದೆ ಹೇಳಿದಳು.

"ಹೊಗಿ ಸಲುವಾಗಿ ಕಟ್ಟಿದ್ದಲ್ಲಂತ ಗೊತ್ತೈತಿ ತಮ್ಮಾ. ಇರ್ಲಿ ಬಿಡು. ನೀ ಕರದಾಗ ಹೊರಗ ಬರ್ತೀನಿ."

ನಾನು ಕರೆಯಲಿಲ್ಲ... ಮದುವೆ ಮುಗಿಯಲಿ ಎಂದೆ, ಮಳೆಗಾಲ ಮುಗಿಯಲಿ ಎಂದೆ. ಗೋಡೆ ಒಡೆದರೆ ನನ್ನ ತಪ್ಪು ಊರಿಗೆಲ್ಲ ಗೊತ್ತಾಗುತ್ತದಲ್ಲ. ಬದಲಿಗೆ, ಒಳಗೆ ನುಗ್ಗುವವರನ್ನು ತಡೆಯಲು ಪಕ್ಕದ ಸಂದಿಗೆ ಒಂದು ಬಾಗಿಲು ಹಚ್ಚಿಸಿದೆ. ಗಿರಾಕಿಗಳು ಆರಿದ ರೊಟ್ಟಿಗೆ ಒಗ್ಗಿಕೊಂಡರು. ಊರ ಅಂಗಡಿಗಳನ್ನೆಲ್ಲ ಸರಿಸಿದವಳು ತನ್ನ ಒಲೆಯನ್ನು ಒಂದು ಗೇಣೂ ಸರಿಸಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡಳು.

ಈಗ ನನ್ನ ಹೆಂಡತಿ ಬಾಗಿಲ ಹತ್ತಿರ ಕೂತು ರೊಟ್ಟಿ ಬಡಿಯುತ್ತಾಳೆ. ಜಾಗ ಹಸನಾಯಿತು ಎಂದು ಗಿರಾಕಿಗಳು ನನ್ನನ್ನು ಹೊಗಳುತ್ತಾರೆ. ಗೋಡೆ ಒಡೆಯಲು ಅರ್ಧ ದಿನವೂ ಹಿಡಿಯಲಿಲ್ಲ. ಅಕ್ಕ ಅದರ ಹಿಂದೆ ಆರು ವರ್ಷ ಕೂತಿದ್ದಳು.