ಗಂಡನ ಹೆಸರು: ಇಲ್ಲ

ತುರುವೇಕೆರೆಯ ಗೊಬ್ಬರದಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ ನಾಗಭೂಷಣ, ಗಿರಾಕಿ ಏನು ಕೇಳಿದರೂ ‘ಆಯ್ತು ಬಿಡಿ’ ಅನ್ನುವ ಮನುಷ್ಯ. ಅರ್ಜಿ ಟೈಪು ಮಾಡುತ್ತಿದ್ದವನು ಎರಡು ಸಾವಿರದ ಎಂಟರಲ್ಲಿ ತೆಂಗಿನ ನಾರು ಸಂಘದ ಹೆಂಗಸರಿಗೆ ವೆಬ್‌ಸೈಟ್ ಮಾಡಿಕೊಡಲೂ ಹಾಗೇ ಒಪ್ಪಿದ. ಕಲಿತದ್ದು ಆಮೇಲೆ.

ಕಾಲೊರಸು ನೇಯುವ ಸದಸ್ಯೆಯರು ಹದಿನಾಲ್ಕು, ಟೆಂಪ್ಲೇಟ್ ಒಂದೇ. ಬೆಲ್ಲದಚ್ಚಿನ ಹಾಗೆ. ಹೆಸರು, ಊರು, ಗಂಡನ ಹೆಸರು, ಫೋನು, ಫೋಟೊ ಬರುವ ಕಡೆ ವೇರಿಯಬಲ್ ಎಂಬ ಒಂದೊಂದು ಖಾಲಿ ಗುಳಿ. ಮಾಹಿತಿ ಹೊಯ್ದರೆ ಪುಟ ಸಿದ್ಧ. ಆದರೆ ಯಾರದಾದರೂ ಫೋನ್ ನಂಬರು ಇಲ್ಲದಿದ್ದರೆ ಇಡೀ ಪುಟ ಇಂಗ್ಲಿಷಿನಲ್ಲಿ ಬೈದು ನಿಂತುಬಿಡುತ್ತಿತ್ತು. ನಾಗಭೂಷಣ ಒಂದೇ ಸಾಲಿನಲ್ಲಿ ಅದರ ಬಾಯಿ ಮುಚ್ಚಿಸಿದ: ಏನೂ ಬರದ ವೇರಿಯಬಲ್ ಜಾಗದಲ್ಲಿ ‘ಇಲ್ಲ’ ಅಂತ ತೋರಿಸು.

ಉದ್ಘಾಟನೆಯ ದಿನ ಸಂಘದ ಶೆಡ್ಡಿನ ಗೋಡೆಗೆ ಬಿಳಿ ಪಂಚೆ ಕಟ್ಟಿಯಾಗಿತ್ತು. ಅದರ ಮೇಲೆ ಪುಟಗಳನ್ನು ತೋರಿಸುವ ಮುನ್ನ ಒಮ್ಮೆ ನೋಡಿಕೊಳ್ಳೋಣವೆಂದು ಕಂಪ್ಯೂಟರಿನಲ್ಲೇ ತೆರೆದ. ‘ಜುಂಜಮ್ಮ. ಗಂಡನ ಹೆಸರು: ಇಲ್ಲ.’

ಜುಂಜಮ್ಮನ ಗಂಡ ಚಿತ್ತಣ್ಣ ಹೊಸ ಟವೆಲ್ಲು ಹೊದ್ದು ಮುಂದಿನ ಸಾಲಿನಲ್ಲೇ ಕೂತಿದ್ದ. ನಾಗಭೂಷಣ ಉಳಿದವನ್ನೂ ತೆರೆದ. ಹನ್ನೊಂದು ಪುಟದಲ್ಲಿ ಇದೇ ಕಥೆ. ಗಂಡನ ಹೆಸರು ಬಾಯಲ್ಲಿ ಹೇಳದ ಹೆಂಗಸರು, ಫಾರಂ ತುಂಬಿಸುವಾಗ ಆ ಜಾಗ ಬಿಟ್ಟು ಮುಂದೆ ಹೋಗಿದ್ದರು.

“ಎಲ್ಲಾದ್ಕೂ ‘ಇದ್ದಾರೆ’ ಅಂತ ಹಾಕ್ಬುಡ್ಲಾ, ಸುನಂದಕ್ಕ?” ಎಂದು ಕಾರ್ಯದರ್ಶಿಯ ಕಿವಿಯಲ್ಲಿ ಪಿಸುಗುಟ್ಟಿದ.

“ಅದ್ರಲ್ಲಿ ಮಂಜಮ್ಮನ ಯಜಮಾನ್ರು ಹೋಗಿ ಮೂರು ವರ್ಷ ಆಯ್ತು ಕಣಪ್ಪ. ಅಲ್ಲಾಡ್ಸಿ ನೋಡ್ದೇ ಇರೋ ಕಾಯಿಗೆಲ್ಲ ಟೊಳ್ಳು ಅಂದೆ. ಈಗ ಎಲ್ಲಾ ಗಟ್ಟಿ ಅಂತೀಯಾ?”

ಹೇಳದೇ ಇರುವುದು ಬೇರೆ, ಇಲ್ಲದೇ ಇರುವುದು ಬೇರೆ. ಯಂತ್ರಕ್ಕೆ ಇದು ಗೊತ್ತಿರಲಿಲ್ಲ, ಸರಿ, ಅವನಿಗೂ ಹೊಳೆದಿರಲಿಲ್ಲವಲ್ಲ.

ಹೊರಗೆ ಅತಿಥಿಗಳ ಜೀಪು ನಿಂತ ಸದ್ದಾಯಿತು. ‘ಇಲ್ಲ’ದ ಸಾಲನ್ನು ಕಿತ್ತು, ಮಾಹಿತಿ ಬಂದಿದ್ದರೆ ಮಾತ್ರ ತೋರಿಸು, ಬರದಿದ್ದರೆ ಆ ಸಾಲೇ ಬೇಡ ಎಂಬ ಷರತ್ತನ್ನು ಬರೆದ. ಷರತ್ತು ಮುಗಿಸುವ ಗುರುತು ಮರೆತ. ಪುಟ ಮತ್ತೆ ಇಂಗ್ಲಿಷಿನಲ್ಲಿ ಬೈಯಿತು. ಅತಿಥಿಗಳ ಕೊರಳಿಗೆ ಹಾರ ಬೀಳುವಷ್ಟರಲ್ಲಿ ಅದನ್ನೂ ಸರಿಮಾಡಿ ಗುಂಡಿ ಒತ್ತಿದ.

ಪಂಚೆಯ ಮೇಲೆ ಜುಂಜಮ್ಮ ಮೂಡಿದಳು. ಹೆಸರು, ಊರು, ಫೋಟೊ.

“ಎಲ್ಲಾ ಐತೆ, ನನ್ ಹೆಸ್ರೇ ಕಾಣಲ್ವಲ್ಲಪ್ಪ,” ಅಂದ ಚಿತ್ತಣ್ಣ.

ಜುಂಜಮ್ಮ ಸೆರಗು ಬಾಯಿಗಿಟ್ಟುಕೊಂಡಳು. “ಬೇಕಿದ್ರೆ ನೀವೇ ಹೋಗಿ ಹೇಳಿ. ನಿಮ್ ಹೆಸ್ರು ನೋಡಿ ಯಾರೂ ಕಾಲೊರಸು ತಗೊಳಲ್ಲ.”

ಸಭೆ ಮುಗಿದ ಮೇಲೆ ಚಿತ್ತಣ್ಣನ ಹಿಂದೆ ಒಂಬತ್ತು ಗಂಡಂದಿರು ಹೆಸರು ಬರೆಸಲು ಸಾಲು ನಿಂತರು. ಮಂಜಮ್ಮ ತನ್ನ ಫೋಟೊ ಇನ್ನೊಮ್ಮೆ ತೋರಿಸಲು ಹೇಳಿ, ನೋಡಿ, ಹೋದಳು. ನಾಗಭೂಷಣನ ಟೀ ಆರುತ್ತಿತ್ತು; ಅವನು ಒಬ್ಬೊಬ್ಬರನ್ನೂ ಎರಡೆರಡು ಸಲ ಕೇಳುತ್ತಿದ್ದ:

“ನೀವು ಯಾರ ಯಜಮಾನ್ರು?”