ಗೋಗಿಯ ಅಂಗಳದಲ್ಲಿ ಸೀತಾಫಲದ ಮಫಿನ್

ಮಧ್ಯಾಹ್ನ ಕೈ ತೊಳೆಯಲು ನಲ್ಲಿ ತಿರುಗಿಸಿದೆ. ಬಂದದ್ದು ಕೈ ಸುಡುವ ನೀರು. ಒಲೆಯಿಲ್ಲ, ಹಂಡೆಯಿಲ್ಲ; ಮೇ ತಿಂಗಳ ಬಿಸಿಲೇ ಪೈಪಿನೊಳಗಿನ ನೀರನ್ನು ಕಾಯಿಸಿಬಿಟ್ಟಿತ್ತು. ಬಾಡಿಗೆಯ ಕೋಣೆ ತೋರಿಸುತ್ತಿದ್ದ ಮನೆಯೊಡತಿ ಶರಣಮ್ಮ ಬಾಗಿಲಲ್ಲಿ ನಿಂತು, "ಹಗಲಾಗ ನಲ್ಲಿ ಮುಟ್ಟಬ್ಯಾಡ್ರಿ ಟೀಚರ್ರಿ. ಮುಂಜಾನಿ ಹಿಡಿದ ಕೊಡದಾಗಿನ ನೀರು ತಗೋರಿ" ಎಂದರು. ಬೈದರೋ ಬುದ್ಧಿ ಹೇಳಿದರೋ ನನಗೆ ತಿಳಿಯಲಿಲ್ಲ.

ಕುಂದಾಪುರದ ಕಡೆಯವಳಾದ ನಾನು ಶಹಾಪುರ ತಾಲ್ಲೂಕಿನ ಗೋಗಿಗೆ ಶಿಕ್ಷಕಿಯಾಗಿ ಬಂದ ಮೊದಲ ದಿನ ಅದು. ನಮ್ಮಲ್ಲಿ ಬಾವಿಗೆ ಕೊಡ ಇಳಿಬಿಟ್ಟರೆ ಬೇಸಿಗೆಯಲ್ಲೂ ತಣ್ಣೀರು. ಇಲ್ಲಿ ಕಣ್ಣು ಹಾಯುವಷ್ಟು ದೂರ ಕರಿನೆಲ, ಅದನ್ನು ಸೀಳಿಕೊಂಡು ಹೋದ ಕಾಲುವೆ. ಕಾಲುವೆಯ ಆಚೆ ಒಣಗಿದ ಹೊಲ, ಈಚೆ ಬಾಳೆತೋಟ. ಒಂದೇ ಊರಿನಲ್ಲಿ ಎರಡು ಋತುಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಒಂಟಿ ಹೆಂಗಸಿಗೆ ಮನೆ ಕೊಡಲು ಅಲ್ಲಿ ಇಲ್ಲಿ ಹಿಂದೇಟು ಹಾಕಿದ್ದರು. ಶರಣಮ್ಮನದು ಕುರಿ ಸಾಕುವ ಮನೆ. ಅಂಗಳದ ಬದಿಯ ಕೋಣೆ ಖಾಲಿಯಿತ್ತು.

"ಒಬ್ಬಾಕಿನೇ ಇರ್ತೀರೇನು?" ಎಂದು ಕೇಳಿದರು.

"ಹೌದು."

"ಅಂಜಿಕಿ ಬಂದ್ರ ಗ್ವಾಡಿ ಬಡೀರಿ. ನಾ ಆ ಕಡಿ ಮಲಗಿರ್ತೀನಿ."

ಗೋಡೆಗೆ ಇಲ್ಲಿ ಗ್ವಾಡಿ ಎನ್ನುತ್ತಾರೆ. ಮರಳಿಗೆ ನಮ್ಮಲ್ಲಿ ಹೊಯ್ಗೆ, ಇಲ್ಲಿ ಉಸುಕು. ಮಾತು ತಿಳಿಯುತ್ತ ಬಂತು, ಜೋಳದ ರೊಟ್ಟಿ ಮಾತ್ರ ಗಂಟಲಲ್ಲಿ ಇಳಿಯಲು ಬಹಳ ಕಾಲ ಹಿಡಿಯಿತು. ಭಾನುವಾರಗಳು ಎಲ್ಲಕ್ಕಿಂತ ಕಷ್ಟ. ಶಾಲೆಯಿಲ್ಲದ ದಿನ ನನ್ನನ್ನು ಯಾರೂ ಕೂಗುತ್ತಿರಲಿಲ್ಲ.

ಆ ಮನೆಯಲ್ಲಿ ನನಗಿಂತ ಕಡಿಮೆ ಮಾತಿನವಳೊಬ್ಬಳಿದ್ದಳು: ಶರಣಮ್ಮನ ಮಗಳು ಮಹಾದೇವಿ. ಸುರಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆಗೆ ಹೊರಟಾಗ ಬಟ್ಟೆಯ ಗಂಟು ಹಿಡಿದು ತಾನೇ ತವರಿಗೆ ಬಂದಿದ್ದಳು. ಬೆಳಿಗ್ಗೆ ಕುರಿಗಳ ಹಿಂದೆ ಗುಡ್ಡಕ್ಕೆ ಹೋದರೆ ಸಂಜೆಗೇ ಬರುವುದು.

ದಸರೆ ಕಳೆದ ಮೇಲೆ ಒಂದು ಸಂಜೆ ಅವಳು ಸೆರಗಿನ ತುಂಬ ಸೀತಾಫಲ ತಂದು ನನ್ನ ಕೋಣೆಯ ಮುಂದೆ ಸುರಿದು, ಕುರಿಗಳ ಕಡೆ ಹೋದಳು. ಅಷ್ಟೊಂದು ಹಣ್ಣನ್ನು ಒಬ್ಬಳೇ ಏನು ಮಾಡಲಿ? ಆಗ ಅಪ್ಪ ನೆನಪಾದರು. ಮುಂಬೈಯ ಬೇಕರಿಯಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದ್ದ ಅವರು, ಓವನ್ನು ಇಲ್ಲದೆಯೂ ಮಫಿನ್ ಬೇಯಿಸುವುದನ್ನು ನನಗೆ ಕಲಿಸಿದ್ದರು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕೇಕು ಅದು.

ಕುಕ್ಕರಿನ ತಳಕ್ಕೆ ಹಳ್ಳದ ಉಸುಕು ಹರಡಿ, ಸೀಟಿ ತೆಗೆದು, ಸ್ಟೀಲಿನ ಬಟ್ಟಲುಗಳಿಗೆ ಎಣ್ಣೆ ಸವರಿದೆ. ಮೈದಾ, ಸಕ್ಕರೆ, ಮೊಟ್ಟೆ, ಸೋಡಾ ಎಲ್ಲ ಸರಿಯಾಗಿಯೇ ಇತ್ತು. ಬೀಜ ಬಿಡಿಸಿದ ಸೀತಾಫಲದ ತಿರುಳನ್ನೂ ಸೇರಿಸಿದೆ. ಚೆನ್ನಾಗಿ ಉಬ್ಬಿ ಬಂದವು. ಬಾಯಿಗಿಟ್ಟರೆ ಕಹಿ. ಆ ತಿರುಳು ಬೆಂಕಿ ಕಂಡರೆ ಕಹಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಶರಣಮ್ಮ ಒಂದು ತುಂಡು ಅಗಿದು, "ಬಟ್ಟಲ ರೊಟ್ಟಿ ಛಲೋ ಅದ, ಔಷಧದಂಗ" ಎಂದರು.

ಕಂಬಕ್ಕೊರಗಿ ನೋಡುತ್ತಿದ್ದ ಮಹಾದೇವಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಟೀಚರ್ರಿ, ಕಾಸಿದ್ರ ಕಹಿ ಆಗ್ತದಂದ್ರ ಕಾಸಬ್ಯಾಡ್ರಿ. ಆರಿದ ಮ್ಯಾಲ ಒಳಗ ತುಂಬೂಣು."

ಮರುದಿನ ಕಾಲುವೆ ಬದಿಯ ತೋಟದ ಬಾಳೆಹಣ್ಣು ಕಿವುಚಿ ಹಿಟ್ಟಿಗೆ ಬೆರೆಸಿದೆವು. ಆರಿದ ಮಫಿನ್ನುಗಳ ನೆತ್ತಿಯನ್ನು ಮಹಾದೇವಿ ಮುಚ್ಚಳದಂತೆ ಕೊಯ್ದು, ಹಸಿ ಸೀತಾಫಲದ ತಿರುಳು ತುಂಬಿ ಮುಚ್ಚಿದಳು. ಈ ಸಲ ಶರಣಮ್ಮ ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು.

ಅಲ್ಲಿಂದ ಭಾನುವಾರಗಳು ನಮ್ಮವಾದವು. ಸೀತಾಫಲ ಮುಗಿದಾಗ ಪೇರಲ ಹಾಕಿದೆವು, ಆಮೇಲೆ ಪಪ್ಪಾಯಿ. ಮಹಾದೇವಿಯ ಕೈ ನನ್ನದಕ್ಕಿಂತ ಹದವಾಯಿತು. ಒಮ್ಮೆ ರುಚಿ ನೋಡಿದ ಶಹಾಪುರ ಬಸ್ ನಿಲ್ದಾಣದ ಚಹಾದಂಗಡಿಯವನು ದಿನಾ ಒಂದು ಬುಟ್ಟಿ ಕಳಿಸಲು ಹೇಳಿದ. ಅವಳೇ ಶೇರ್ ಆಟೋದಲ್ಲಿ ಕುಳಿತು ಕೊಟ್ಟು ಬರತೊಡಗಿದಳು.

ಬೇಸಿಗೆಗೆ ಮುಂಚೆ ಅವಳ ಗಂಡನ ಕಡೆಯ ಹಿರಿಯರಿಬ್ಬರು ಬಂದರು. ಅವನ ಎರಡನೆಯ ಮದುವೆ ನಿಶ್ಚಯವಾಗಿತ್ತು. ಇವಳೂ ಬಂದು ಮನೆಯಲ್ಲಿದ್ದರೆ ಊರವರ ಬಾಯಿ ಮುಚ್ಚುತ್ತದೆಂಬುದು ಅವರ ಲೆಕ್ಕ. ಮಗಳು ಗಂಡನ ಮನೆಯಲ್ಲೇ ಇರಬೇಕೆಂದು ಶರಣಮ್ಮ ಎಷ್ಟೋ ಸಲ ನನ್ನೆದುರು ಅತ್ತಿದ್ದರು. ಇಂದು ಕಳಿಸಿಬಿಡುತ್ತಾರೆಂದೇ ನಾನು ಎಣಿಸಿದೆ.

ಮಹಾದೇವಿ ತಟ್ಟೆಯಲ್ಲಿ ಮಫಿನ್ ತಂದು ಅವರ ಮುಂದಿಟ್ಟಳು.

"ಗಂಟು ಕಟ್ಟಿಯೇನವ್ವಾ?" ಎಂದು ಹಿರಿಯರೊಬ್ಬರು ಕೇಳಿದರು.

"ನಾ ಬರಂಗಿಲ್ರಿ ಕಾಕಾ. ನನಗ ಇಲ್ಲಿ ಕೆಲಸ ಅದ."

"ಏನು ಕೆಲಸ?"

"ನಿಮ್ಮ ಮುಂದಿಟ್ಟೀನಲ್ರಿ. ತಿಂದು ನೋಡ್ರಿ."

ಅವರು ಶರಣಮ್ಮನ ಕಡೆ ತಿರುಗಿದರು. "ನೀನರ ಜರಾ ಹೇಳವ್ವಾ."

ಶರಣಮ್ಮ ಚಹಾದ ಕಪ್ಪುಗಳನ್ನು ಅವರ ಮುಂದೆ ಸರಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು, "ಆಕಿ ಹೇಳಿದ್ದು ಕೇಳಿಸ್ತಲ್ರಿ. ಚಹಾ ಕುಡದು ಹೋಗ್ರಿ" ಎಂದರು. ಬಂದವರು ತಟ್ಟೆ ಮುಟ್ಟದೆ ಎದ್ದು ಹೋದರು. ಮಹಾದೇವಿ ಅಡುಗೆಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಅತ್ತಳು. ನಾನು ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಬುಟ್ಟಿ ತುಂಬತೊಡಗಿದಳು. ಆಟೋದ ಹೊತ್ತಾಗಿತ್ತು.

ರಜೆಗೆ ಊರಿಗೆ ಹೋದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಣ್ಣನ ಸಂಸಾರದ ಜೊತೆಗಿದ್ದಾರೆ. ಬಾವಿಕಟ್ಟೆಯಲ್ಲಿ ಬಂಗುಡೆ ಮೀನು ಕೊಯ್ಯುತ್ತ ಅಮ್ಮ, "ವರ್ಗಾವಣೆಗೆ ಅರ್ಜಿ ಹಾಕ್ದ್ಯಾ?" ಎಂದು ಕೇಳಿದರು. ಹಾಕುವ ದಿನ ಮುಗಿದೇ ಹೋಗಿತ್ತು. "ಮುಂದಿನ ವಾರ ಮನೆಗೆ ಹೋಗ್ಬೇಕಮ್ಮ, ಶಾಲೆ ಶುರು ಆಗ್ತದ" ಎಂದೆ.

ಅಮ್ಮನ ಕತ್ತಿ ನಿಂತಿತು. "ಯಾವ ಮನೆಗೆ?"

ಬಂಗುಡೆಯ ಸಾರಿನ ಆಸೆಗೆ ಒಂದಿಡೀ ರಾತ್ರಿಯ ಬಸ್ಸಿನಲ್ಲಿ ಬಂದವಳು ನಾನೇ. ಬಂದ ದಿನದಿಂದ ಅಮ್ಮನ ಮುಂದೆ ಮಹಾದೇವಿಯ ಸುದ್ದಿಯನ್ನೇ ಹೇಳುತ್ತ, ಶಹಾಪುರದ ಆಟೋ ಹೊರಟಿತೋ ಇಲ್ಲವೋ ಎಂದು ಬೆಳಿಗ್ಗೆ ಬೆಳಿಗ್ಗೆ ಗಡಿಯಾರ ನೋಡುತ್ತಿದ್ದವಳೂ ನಾನೇ.

ಅಮ್ಮ ಮೀನಿಗೆ ನೀರು ಹುಯ್ದು ತೊಳೆದರು. ತಲೆಯೆತ್ತದೆ ಕೇಳಿದರು: "ಆ ಹೆಣ್ಣು ಒಣ ಸಿಗ್ಡಿ ಮೀನ್ ತಿಂತಾಳಾ? ತಿಂಬುದಾದ್ರೆ ಕಟ್ಟಿ ಕೊಡ್ತೆ."